ಟಾರ್ಚಿಗೆ ಸಿಕ್ಕ ಱಕಾರ

ನಮ್ಮ ಮನೆಯಲ್ಲಿ ಅಜ್ಜ, ಅಪ್ಪ, ಚಿಕ್ಕಪ್ಪ ಮೂವರಿಗೂ ಶಾಸನದ ಹುಚ್ಚು. ದಸರಾ ರಜೆಗೆ ಬೇರೆ ಮಕ್ಕಳು ಅಜ್ಜಿ ಊರಿಗೆ ಹೋದರೆ, ನಾನು ಬಿಂದಿಗೆ ಹೊತ್ತು ಅಪ್ಪನ ಹಿಂದೆ ಕಲ್ಲು ತೊಳೆಯಲು ಹೋಗುತ್ತಿದ್ದೆ. ಕಲ್ಲಿಗೆ ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ಅಕ್ಷರದ ಅಚ್ಚು ತೆಗೆಯೋದು ನನಗೆ ಹೊಸದಲ್ಲ. ಆದರೆ ಕೆರೆ ಏರಿ ಪಕ್ಕದ ಒಂದು ವೀರಗಲ್ಲು ಮೂವರಿಗೂ ಕೈಕೊಟ್ಟಿತ್ತು. ಶಾಸನಗಳ ಪಾಠ ಅಚ್ಚಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಓದಲಾಗದ ಕಡೆ ಚುಕ್ಕಿ ಇಟ್ಟಿರುತ್ತಾರಲ್ಲ, ಅಪ್ಪನ ನೋಟ್‌ಬುಕ್ಕಿನಲ್ಲಿ ಎರಡನೇ ಸಾಲು ಹೆಚ್ಚೂಕಡಿಮೆ ಬರೀ ಚುಕ್ಕಿ. ಒಂದು ಕಡೆ ಮಾತ್ರ ‘ಊರ’ ಅಂತ ಬರೆದು ಪ್ರಶ್ನೆ ಹಾಕಿದ್ದರು. ಊರಳಿವಿನ ಕಲ್ಲು, ಅಂದರೆ ಊರಿನ ಮೇಲೆ ದಾಳಿಯಾದಾಗ ಕಾದಾಡಿ ಸತ್ತವನ ಕಲ್ಲು ಅಂತ ಅವರ ಲೆಕ್ಕ.

ರಾತ್ರಿ ಟಾರ್ಚ್ ಹಿಡಿದು ನೋಡ್ತೀನಿ ಅಂದೆ. “ಹೋಗೋ, ಕಾಗದಕ್ಕೆ ಸಿಗದ್ದು ಟಾರ್ಚಿಗೆ ಸಿಗುತ್ತಾ?” ಅಂದರು ಅಪ್ಪ.

ಮೊದಲ ಸಲ ದಪ್ಪ ಕಾಗದ ಹಾಕಿದೆ. ಗಾಳಿಗೆ ಒಣಗಿ ಅಂಚು ಎದ್ದುಬಿಟ್ಟಿತು. ಎರಡನೇ ಸಲ ತೆಳು ಕಾಗದ, ಮಸಿ ಸೋರಿ ಕಲ್ಲಿಗೇ ಹತ್ತಿತು. ಊರವರು ಬೈದರು, ಬೈಸಿಕೊಳ್ಳಬೇಕಾದದ್ದೇ. ಮಧ್ಯೆ ಸುಮ್ನೆ ಒಂದು ಪ್ರಯೋಗ ಅಂತ ರಾಗಿ ಹಿಟ್ಟು ಸವರಿ ನೋಡಿದೆ. ಬೆಳಗಾಗುವಷ್ಟರಲ್ಲಿ ಅಕ್ಷರಕ್ಕಿಂತ ಇರುವೆ ಸಾಲೇ ಜಾಸ್ತಿ!

ಕೊನೆಗೆ ಕೆಲಸ ಕೊಟ್ಟಿದ್ದು ಟಾರ್ಚ್, ಕಾಗದ ಎರಡೂ ಸೇರಿದಾಗ. ಅಮಾವಾಸ್ಯೆ ಹತ್ತಿರದ ರಾತ್ರಿ ಟಾರ್ಚನ್ನು ಕಲ್ಲಿಗೆ ಅಂಟಿಸಿದ ಹಾಗೆ ಹಿಡಿದೆ. ಪಕ್ಕದಿಂದ ಬಿಟ್ಟರೆ ನಿಂತ ಗೀರು ಏಳುತ್ತೆ, ಮೇಲಿಂದ ಬಿಟ್ಟರೆ ಮಲಗಿದ ಗೀರು. ಸುಮಾರು 60 ಫೋಟೋ ತೆಗೆದೆ. ಯಾವ ಗೀರು ಎಲ್ಲಿದೆ ಅಂತ ಪ್ರಿಂಟ್ ಮೇಲೆ ಗುರುತು ಹಾಕಿಕೊಂಡು, ಮರುದಿನ ತೆಳು ಕಾಗದ ಎರಡು ಪದರ ಹಾಕಿ, ಅಲ್ಲಲ್ಲೇ ಜಾಸ್ತಿ ಬಡಿದೆ. ಮಸಿಗೆ ಏನು ಬೆರೆಸಿದೆ ಅನ್ನೋದು ಮನೆಯ ಗುಟ್ಟು, ಬಿಡಿ.

‘ಊರ’ ಅಲ್ಲವೇ ಅಲ್ಲ, ‘ತುಱು’! ಹಳಗನ್ನಡದಲ್ಲಿ ದನ ಅಂತ. ರಕಾರ ಅಂದುಕೊಂಡಿದ್ದು ಱಕಾರ, ಈಗ ಬಳಕೆಯಲ್ಲಿಲ್ಲದ ಹಳೇ ಅಕ್ಷರ. ದನ ಬಿಡಿಸಲು ಹೋಗಿ ಸತ್ತವನ ಕಲ್ಲು. ದನದ ಚಿತ್ರ ಇರಬೇಕಾದ ಕೆಳಗಿನ ಪಟ್ಟಿಕೆ ಮಣ್ಣಲ್ಲಿ ಹೂತಿದೆ, ಅದಕ್ಕೇ ಯಾರಿಗೂ ಹೊಳೆದಿರಲಿಲ್ಲ. ಅನುಮತಿ ಇಲ್ಲದೆ ಅಗೆಯೋ ಹಾಗಿಲ್ಲ, ಕೈ ಎಷ್ಟು ತುರಿಸಿದರೂ.

ಕಾಗದ, ಎರಡು ಟಾರ್ಚ್, ಬಸ್ಸು ಎಲ್ಲ ಸೇರಿ 4,000 ಆಗಿರಬಹುದು. ತ್ರೀಡಿ ಸ್ಕ್ಯಾನಿಗೆ ಒಬ್ಬರು 35,000 ಕೇಳಿದ್ದರು.

ಅಪ್ಪ ಅಚ್ಚನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಗಳಲಿಲ್ಲ. ಅಟ್ಟದಿಂದ ಹಳೇ ನೋಟ್‌ಬುಕ್ ಇಳಿಸಿ, ಪೆನ್ಸಿಲ್ ಕೇಳಿದರು.