ಒಂದೇ ಗೂಡಿಗೆ ಎರಡನೇ ಮೊಲ ಬಿಡುವ ಮೊದಲು

ಹಾಸನದ ನಮ್ಮ ಬೀದಿಯಲ್ಲೇ ಮೂರು ಮನೆಗಳಲ್ಲಿ ಇದೇ ತಪ್ಪು ಆಗಿದ್ದನ್ನು ನೋಡಿದ್ದೇನೆ. ಮೊಲ ಒಂಟಿಯಾಗಿ ಬೇಜಾರಲ್ಲಿದೆ ಅಂತ ಜೊತೆಗೊಂದು ತರುತ್ತಾರೆ. ರಟ್ಟಿನ ಡಬ್ಬದಿಂದ ತೆಗೆದು ನೇರ ಹಳೇ ಮೊಲದ ಗೂಡಿಗೇ ಬಿಡುತ್ತಾರೆ. ಐದು ನಿಮಿಷದಲ್ಲಿ ಗೂಡಿನ ತುಂಬ ಕೂದಲು. ಒಂದು ಮನೆಯಲ್ಲಂತೂ ಹೊಸದರ ಕಿವಿ ಹರಿದು ಹೊಲಿಗೆ ಹಾಕಿಸಬೇಕಾಯಿತು. ಮೊಲಕ್ಕೆ ಜೊತೆ ಬೇಕು, ನಿಜ. ಆದರೆ ತನ್ನ ಜಾಗಕ್ಕೆ ಗುರುತಿಲ್ಲದ ಮೊಲ ನುಗ್ಗಿದರೆ ಅದು ಸಹಿಸುವುದಿಲ್ಲ.

ಯಾವ ಜೋಡಿ?

ಒಂದು ಗಂಡು, ಒಂದು ಹೆಣ್ಣು. ಎರಡಕ್ಕೂ ಮರಿಯಾಗದಂತೆ ಆಪರೇಷನ್ ಆಗಿರಬೇಕು. ನಾನು ಬೇರೆ ಜೋಡಿಯನ್ನು ಯಾರಿಗೂ ಹೇಳುವುದಿಲ್ಲ. ಆಪರೇಷನ್ ಆಗದ ಎರಡು ಗಂಡುಗಳಂತೂ ಬೇಡವೇ ಬೇಡ. ‘ಎರಡೂ ಹೆಣ್ಣೇ’ ಅಂತ ಅಂಗಡಿಯವರು ಹೇಳಿದರೆ ನಂಬಿ ಸುಮ್ಮನಾಗಬೇಡಿ, ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಮೊಲ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ. ಹಾಕಿದ ದಿನವೇ ಮತ್ತೆ ಗಬ್ಬ ಆಗಬಲ್ಲದು.

ತೋಟದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಜೊತೆಗೆ ಬಿಡುವವರೂ ಇದ್ದಾರೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದವರು ದಯವಿಟ್ಟು ಇದನ್ನು ಮಾಡಬೇಡಿ. ಕಾಡುಮೊಲ ಬೇರೆಯದೇ ಜಾತಿಯ ಪ್ರಾಣಿ, ಸಾಕುಮೊಲದ ಜೊತೆ ಕೂಡುವುದೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಹಿಡಿದು ಸಾಕುವುದೂ ತಪ್ಪು. ಮರಿ ಒಂಟಿಯಾಗಿ ಕೂತಿದ್ದರೆ ತಾಯಿ ಬಿಟ್ಟು ಹೋಗಿದೆ ಅಂತಲ್ಲ. ಹಾಲು ಕೊಡುವ ಹೊತ್ತಿಗೆ ಬರುತ್ತದೆ. ಅಲ್ಲೇ ಬಿಡಿ.

ಆಪರೇಷನ್

ಎಲ್ಲ ಪಶುವೈದ್ಯರೂ ಮೊಲಕ್ಕೆ ಇದನ್ನು ಮಾಡುವುದಿಲ್ಲ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲಿಂದ ವಿಚಾರಿಸಲು ಶುರು ಮಾಡಿ. ಹಿಂದಿನ ರಾತ್ರಿಯಿಂದ ಉಪವಾಸ ಕೆಡವಿ ಅಂದರೆ ಬೇರೆಯವರನ್ನು ಹುಡುಕಿ. ಮೊಲ ವಾಂತಿ ಮಾಡಲಾರದು, ಹಾಗಾಗಿ ಆ ಉಪವಾಸ ಬೇಕಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಕರುಳೇ ನಿಂತುಹೋಗುವ ಅಪಾಯ. ಆಪರೇಷನ್ ಆದ ಮೇಲೂ ಆರು ವಾರ ಗಂಡನ್ನು ಹೆಣ್ಣಿನಿಂದ ದೂರ ಇಡಿ. ಅಷ್ಟು ದಿನವೂ ಅದರಿಂದ ಗಬ್ಬ ಆಗಬಹುದು.

ಎರಡು ವಾರ ಬೇರೆ ಕೋಣೆ

ಹೊಸದು ಕಜ್ಜಿ, ಕಿವಿಯ ಹುಳ, ಸೀನು ಹೊತ್ತು ತಂದಿರಬಹುದು. ಮೊದಲು ಹಳೆಯದಕ್ಕೆ ಹುಲ್ಲು ನೀರು ಕೊಟ್ಟು, ಆಮೇಲೆ ಹೊಸದನ್ನು ಮುಟ್ಟಿ, ಕೈ ತೊಳೆಯಿರಿ. ನಾಯಿಯ ಉಣ್ಣೆಗೆ ಹಾಕುವ ಫಿಪ್ರೋನಿಲ್ ಔಷಧಿಯನ್ನು ಮೊಲಕ್ಕೆ ಹಾಕಲೇಬೇಡಿ, ಅದು ಪ್ರಾಣ ತೆಗೆಯುತ್ತದೆ. ಬಣ್ಣಬಣ್ಣದ ಕಾಳು ಬೆರೆಸಿದ ಪ್ಯಾಕೆಟ್ ಆಹಾರವೂ ದಂಡ. ಗರಿಕೆ, ಒಣಹುಲ್ಲು ಸಾಕು. ಮಳೆಗಾಲದಲ್ಲಿ ಮಾತ್ರ ಬೂಷ್ಟು ಹಿಡಿದ ಹುಲ್ಲು ಹಾಕಬೇಡಿ.

ವಾಸನೆಯ ಪರಿಚಯ

ಎರಡು ಗೂಡನ್ನೂ ಅಕ್ಕಪಕ್ಕ ಇಡಿ. ನಡುವೆ ನಾಲ್ಕು ಇಂಚು ಜಾಗ ಇರಲಿ, ಇಲ್ಲದಿದ್ದರೆ ಜಾಲರಿಯೊಳಗಿಂದಲೇ ಮೂತಿ ಕಚ್ಚುತ್ತವೆ. ದಿನ ಬಿಟ್ಟು ದಿನ ಇದನ್ನು ಅದರ ಗೂಡಿಗೆ, ಅದನ್ನು ಇದರ ಗೂಡಿಗೆ ಬದಲಿಸಿ. ಮೊಲದ ಗದ್ದದ ಕೆಳಗೆ ವಾಸನೆಯ ಗ್ರಂಥಿ ಇದೆ. ಗದ್ದ ಉಜ್ಜಿದ ಕಡೆಯೆಲ್ಲ ತನ್ನ ಗುರುತು ಬಿಡುತ್ತದೆ. ಆ ಗುರುತು ರೂಢಿಯಾಗಲಿ. ಜಾಲರಿಯ ಹತ್ತಿರವೇ ಎರಡೂ ಕಾಲು ಚಾಚಿ ಮಲಗುವ ತನಕ ಮುಂದಕ್ಕೆ ಹೋಗಬೇಡಿ. ಇದಕ್ಕೆ ಎರಡು ವಾರವೂ ಆಗಬಹುದು, ಎರಡು ತಿಂಗಳೂ ಆಗಬಹುದು. ಎರಡರ ಮೂತಿಗೂ ಪೌಡರ್ ಹಚ್ಚಿದರೆ ಕೆಲಸ ಬೇಗ ಆಗುತ್ತದೆ ಅಂತಾರೆ. ಏನೂ ಆಗುವುದಿಲ್ಲ, ಮೂಗು ಉರಿಯುತ್ತದೆ ಅಷ್ಟೇ.

ಮುಖಾಮುಖಿ

ಎಲ್ಲರೂ ಎಡವುವುದು ಇಲ್ಲಿ. ಎರಡೂ ಹಿಂದೆಂದೂ ಕಾಲಿಡದ ಜಾಗ ಬೇಕು. ಬಚ್ಚಲುಮನೆಯಾದರೂ ಸರಿ, ಆದರೆ ನೆಲ ಜಾರುತ್ತದೆ. ಒಗೆದು ಒಣಗಿಸಿದ ಗೋಣಿಚೀಲ ಹಾಸಿ. ಮೂಲೆಯಲ್ಲಿ ಸಿಕ್ಕಿಕೊಳ್ಳುವಂಥ ಡಬ್ಬ, ಸ್ಟೂಲು ತೆಗೆದಿಡಿ. ಹುಲ್ಲನ್ನು ಎರಡು ಕಡೆ ಹರಡಿ. ನೀವೂ ನೆಲದ ಮೇಲೇ ಕೂತುಕೊಳ್ಳಿ. ಕೈಗೆ ದಪ್ಪ ಟವೆಲ್ ಸುತ್ತಿಕೊಂಡಿರಿ, ಪಕ್ಕದಲ್ಲೊಂದು ಮೊರ ಇರಲಿ.

ಮೊದಲ ದಿನ ಹತ್ತೇ ನಿಮಿಷ. ಒಂದರ ಹಿಂದೆ ಒಂದು ಓಡುವುದು, ಸ್ವಲ್ಪ ಕೂದಲು ಕೀಳುವುದು, ಬೆನ್ನೇರುವುದು, ಇವೆಲ್ಲ ಯಾರು ಮೇಲು ಅಂತ ತೀರ್ಮಾನ ಮಾಡಿಕೊಳ್ಳುವ ರೀತಿ. ಹೆದರಬೇಡಿ. ಆದರೆ ತಲೆಯ ಕಡೆಯಿಂದ ಏರಿದರೆ ತಕ್ಷಣ ಇಳಿಸಿ. ಕೆಳಗಿನದು ಹೊಟ್ಟೆಯ ಕೆಳಗೆ ಕಚ್ಚಿದರೆ ಗಾಯ ಭಾರಿಯಾಗುತ್ತದೆ. ಕಿವಿ ಹಿಂದಕ್ಕೆ ಒತ್ತಿ, ಬಾಲ ಎತ್ತಿ, ಒಂದನ್ನೊಂದು ಸುತ್ತತೊಡಗಿದರೆ ಕಾದಾಟಕ್ಕೆ ಇನ್ನು ಕ್ಷಣವೂ ಇಲ್ಲ. ನಡುವೆ ಮೊರ ಇಳಿಸಿ. ಬರಿಗೈ ಹಾಕಬೇಡಿ, ನನ್ನ ಹೆಬ್ಬೆರಳಿನ ಮೇಲೆ ಆ ಗುರುತು ಇನ್ನೂ ಇದೆ.

ಒಳ್ಳೆಯ ಲಕ್ಷಣ ನೋಡಲು ತೀರಾ ಸಪ್ಪೆ. ಒಂದು ಹುಲ್ಲು ತಿನ್ನುತ್ತದೆ, ಇನ್ನೊಂದು ಮೈ ನೆಕ್ಕಿಕೊಳ್ಳುತ್ತದೆ. ಒಂದನ್ನೊಂದು ನೋಡುವುದೂ ಇಲ್ಲ. ಅದೇ ಬೇಕಾಗಿರುವುದು. ಆ ನೆಮ್ಮದಿಯಲ್ಲೇ ಅವತ್ತಿನ ಭೇಟಿ ಮುಗಿಸಿ. ಇನ್ನೂ ಸ್ವಲ್ಪ ಹೊತ್ತು ಬಿಡೋಣ ಅಂತ ಆಸೆಪಡಬೇಡಿ, ಜಗಳದಲ್ಲಿ ಮುಗಿದರೆ ನಾಳೆ ಜಗಳದಿಂದಲೇ ಶುರು. ದಿನಾ ಐದೈದು ನಿಮಿಷ ಜಾಸ್ತಿ ಮಾಡಿ. ಒಂದು ದಿನ ಒಂದು ಮೊಲ ತಲೆ ತಗ್ಗಿಸಿ ಇನ್ನೊಂದರ ಮುಂದೆ ಕೂರುತ್ತದೆ, ಅದು ಇದರ ಹಣೆ ನೆಕ್ಕುತ್ತದೆ. ಆಗ ಅರ್ಧ ಕೆಲಸ ಮುಗಿದ ಹಾಗೆ.

ಬುಟ್ಟಿಯಲ್ಲಿ ಎರಡನ್ನೂ ತುಂಬಿ ಬೈಕಿನಲ್ಲಿ ಸುತ್ತಾಡಿಸಿದರೆ ಹೆದರಿ ಒಂದಾಗುತ್ತವೆ ಎನ್ನುವವರಿದ್ದಾರೆ. ಭಯಕ್ಕೆ ಅಂಟಿಕೊಂಡು ಕೂರುವುದು ಸ್ನೇಹ ಅಲ್ಲ. ಅಂಥ ಭಯಕ್ಕೆ ಮೊಲ ಮೇವು ಬಿಟ್ಟುಬಿಡಬಹುದು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ತಡಮಾಡದೆ ವೈದ್ಯರ ಹತ್ತಿರ ಓಡಬೇಕು.

ಒಂದೇ ಗೂಡು

ನಿಮ್ಮ ಕಣ್ಣೆದುರಲ್ಲಿ ಎರಡು ದಿನ ಪೂರ್ತಿ ಜಗಳವಿಲ್ಲದೆ ಕಳೆದರೆ, ಗೂಡನ್ನು ವಿನೆಗರ್ ನೀರಿನಲ್ಲಿ ತೊಳೆದು, ಒಣಗಿಸಿ, ಒಳಗಿನ ಸಾಮಾನೆಲ್ಲ ಬೇರೆ ಕಡೆ ಜೋಡಿಸಿ ಎರಡನ್ನೂ ಬಿಡಿ. ತಂತಿ ತಳದ ಗೂಡು ಬೇಡ, ಅಂಗಾಲು ಹುಣ್ಣಾಗುತ್ತದೆ. ಅಡಗುವ ಡಬ್ಬಕ್ಕೆ ಎರಡು ಬಾಗಿಲು ಕೊಯ್ಯಿರಿ. ಮುಂದೆ ಒಂದಕ್ಕೆ ಹುಷಾರಿಲ್ಲ ಅಂದರೂ ಆಸ್ಪತ್ರೆಗೆ ಎರಡನ್ನೂ ಕರೆದುಕೊಂಡು ಹೋಗಿ. ಒಂದೇ ಹೋಗಿ ಔಷಧಿಯ ವಾಸನೆ ಹೊತ್ತು ಬಂದರೆ, ಮನೆಯಲ್ಲಿದ್ದದ್ದು ಅದನ್ನು ಹೊಸ ಮೊಲ ಅಂತಲೇ ತಿಳಿದು ಮೇಲೆ ಬೀಳಬಹುದು.