ದೃಷ್ಟಿ ಅಳೆಯುವವರ ನಾಲಿಗೆ ಬಿಗಿಯಾಗಿರಬೇಕು

ಲೆಬರ್ ಆನುವಂಶಿಕ ದೃಷ್ಟಿನರ ರೋಗಕ್ಕೆ ಐಡಿಬಿನೋನ್ ಮಾತ್ರೆಯನ್ನು ಪರೀಕ್ಷಿಸಿದ ಪ್ರಯೋಗದಲ್ಲಿ ನನ್ನ ಪಾಲಿಗೆ ಬಂದದ್ದು ದೃಷ್ಟಿ ಅಳೆಯುವ ಕೆಲಸ. ನ್ಯೂಕ್ಯಾಸಲ್, ಮ್ಯೂನಿಕ್, ಮಾಂಟ್ರಿಯಲ್ ಸೇರಿ ಒಟ್ಟು 85 ರೋಗಿಗಳು, ನಾನಿದ್ದದ್ದು ನ್ಯೂಕ್ಯಾಸಲ್‌ನಲ್ಲಿ. ಮೂವರಲ್ಲಿ ಇಬ್ಬರಿಗೆ ಔಷಧ, ಒಬ್ಬರಿಗೆ ಪ್ಲಸೀಬೊ, ಅಂದರೆ ಔಷಧವಿಲ್ಲದ ತೋರಿಕೆಯ ಮಾತ್ರೆ, 24 ವಾರಗಳ ಕಾಲ. ಯಾರಿಗೆ ಯಾವುದು ಎಂಬುದು ಅವರಿಗೂ ತಿಳಿಯದು, ನನಗೂ ತಿಳಿಯದು.

ಜೀವಕೋಶದ ಶಕ್ತಿಕೇಂದ್ರವಾದ, ತಾಯಿಯಿಂದ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ದೋಷವೇ ಈ ರೋಗದ ಮೂಲ. ಹೆಚ್ಚಾಗಿ ಹರೆಯದ ಗಂಡುಮಕ್ಕಳಿಗೆ ಒಂದು ಕಣ್ಣಿನ ನಡುನೋಟ ಮಂಜಾಗುತ್ತದೆ, ನೋವೇ ಇಲ್ಲದೆ. ವಾರಗಳಲ್ಲೋ ತಿಂಗಳುಗಳಲ್ಲೋ ಇನ್ನೊಂದು ಕಣ್ಣಿನ ಸರದಿ. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಸರಪಳಿಯ ಮೊದಲ ಕೊಂಡಿ ಕೆಟ್ಟಿರುತ್ತದೆ. ಐಡಿಬಿನೋನ್ ಅದನ್ನು ಬದಿಗಿಟ್ಟು ಎಲೆಕ್ಟ್ರಾನುಗಳನ್ನು ಮೂರನೆಯ ಕೊಂಡಿಗೆ ದಾಟಿಸಬಲ್ಲದು ಎಂಬುದೇ ಆಸೆ. ದಿನಕ್ಕೆ 900 ಮಿಲಿಗ್ರಾಂ, ಮೂರು ಹೊತ್ತಿಗೆ ಹಂಚಿ, ಊಟದ ಜೊತೆ.

ಅಕ್ಷರಫಲಕದಲ್ಲಿ ಸಾಲಿಗೆ ಐದು ಅಕ್ಷರ. ಮೊದಲು ನಾಲ್ಕು ಮೀಟರ್ ದೂರದಿಂದ, ಕಾಣದಿದ್ದರೆ ಒಂದು ಮೀಟರಿನಿಂದ. ಈ ರೋಗಿಗಳು ನೇರ ನೋಡಿದರೆ ಅಕ್ಷರವೇ ಮಾಯವಾಗುತ್ತದೆ. ಆದ್ದರಿಂದ ಕತ್ತು ಓರೆ ಮಾಡಿ ಕಣ್ಣಂಚಿನಿಂದ ಹುಡುಕುತ್ತಾರೆ. ಕತ್ತು ತಿರುಗಿಸಬಹುದು, ಮುಂದಕ್ಕೆ ಬಾಗುವಂತಿಲ್ಲ. ‘ಸಿ’ಯೋ ‘ಓ’ನೋ ಎಂದು ತಡಕಾಡುವ ಹುಡುಗನಿಗೆ, ತೋಚಿದ್ದು ಹೇಳಪ್ಪ ಎನ್ನಬಹುದು, ಅಷ್ಟೇ. ಸರಿಯುತ್ತರ ಬಂದಾಗ ಒಂದು ‘ಹ್ಞಾಂ’ ಕೂಡ ಹೊರಬೀಳಬಾರದು. ಪಕ್ಕದಲ್ಲಿ ತಾಯಿ ಉಸಿರು ಬಿಗಿಹಿಡಿದು ಕುಳಿತಿರುವಾಗ ಇದು ಬಹಳ ಕಷ್ಟ.

ಈ ಮಾತ್ರೆಯಿಂದ ಮೂತ್ರ ಕೆಂಪು ಛಾಯೆಯ ಕಂದುಬಣ್ಣಕ್ಕೆ ತಿರುಗಬಹುದು. ಅದು ಕಿವಿಗೆ ಬಿದ್ದರೆ ಯಾರಿಗೆ ಔಷಧ ಎಂಬುದನ್ನು ನಾನು ಊಹಿಸಿಬಿಡಬಹುದಿತ್ತು. ಹಾಗಾಗಿ ಔಷಧದ ಸುದ್ದಿಯೆಲ್ಲ ನರ್ಸ್ ಬಳಿಯೇ ಇರಲಿ, ನನ್ನ ಕೋಣೆಯಲ್ಲಿ ಬೇಡ ಎಂದು ಎಲ್ಲರಿಗೂ ಮೊದಲೇ ಹೇಳುತ್ತಿದ್ದೆ.

ಪ್ಲಸೀಬೊ ಕೊಡುವುದು ಕ್ರೌರ್ಯವಲ್ಲವೇ ಎಂದು ಕೇಳಿದವರಿದ್ದಾರೆ. ಈ ರೋಗದಲ್ಲಿ ಕೆಲವರಿಗೆ, ಅದರಲ್ಲೂ ಆ ಡಿಎನ್‌ಎಯ 14484 ಎಂಬ ಸ್ಥಾನದಲ್ಲಿ ದೋಷವಿರುವವರಿಗೆ, ನೋಟ ತಾನಾಗಿಯೇ ಮರಳುವುದುಂಟು. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಆ ಚೇತರಿಕೆಯೆಲ್ಲ ಮಾತ್ರೆಯ ಖಾತೆಗೆ ಜಮೆಯಾಗುತ್ತಿತ್ತು.

2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲೇ ಗೊತ್ತುಪಡಿಸಿದ್ದ ಮುಖ್ಯ ಅಳತೆಯಲ್ಲಿ ಎರಡು ಗುಂಪುಗಳ ಅಂತರ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಾಗಿರಲಿಲ್ಲ. ಆದರೆ ಆರಂಭದಲ್ಲಿ ಎರಡೂ ಕಣ್ಣಿಗೆ ಫಲಕದ ಅಕ್ಷರಗಳೇ ಕಾಣದಿದ್ದವರನ್ನು ಮಾತ್ರ ತೆಗೆದುಕೊಂಡರೆ, ಔಷಧ ಪಡೆದ 25 ಮಂದಿಯಲ್ಲಿ 7 ಮಂದಿ ಕನಿಷ್ಠ ಒಂದು ಸಾಲು ಓದಿದ್ದರು; ಪ್ಲಸೀಬೊ ಪಡೆದ 13 ಮಂದಿಯಲ್ಲಿ ಒಬ್ಬರೂ ಇಲ್ಲ. ಇಷ್ಟು ಸಣ್ಣ ಸಂಖ್ಯೆಗಳಲ್ಲಿ ನನ್ನಂಥವರ ಒಂದೆರಡು ‘ಹ್ಞಾಂ’ಗಳೇ ಲೆಕ್ಕವನ್ನು ಕೆಡಿಸಿಬಿಡಬಹುದಿತ್ತು.

2015ರಲ್ಲಿ ಯುರೋಪ್ ಇದಕ್ಕೆ ಅಸಾಧಾರಣ ಸಂದರ್ಭದ ಪರವಾನಗಿ, ಅಂದರೆ ಪೂರ್ಣ ಮಾಹಿತಿ ಸಿಗುವುದು ಕಷ್ಟವಾದಾಗ ಕೊಡುವ ಒಪ್ಪಿಗೆ, ನೀಡಿತು, ಮಾಹಿತಿ ಕಲೆಹಾಕುವುದನ್ನು ಮುಂದುವರಿಸಬೇಕು ಎಂಬ ಷರತ್ತಿನೊಂದಿಗೆ. ಪರವಾನಗಿಯಷ್ಟೇ ಆ ಷರತ್ತೂ ಸರಿ ಎಂದು ನನ್ನ ಗಟ್ಟಿ ನಂಬಿಕೆ.