ಸಿಂಕ್ ಕೆಳಗಿನ ಫೈರ್ ಎಕ್ಸ್‌ಟಿಂಗ್ವಿಶರ್ ಒಮ್ಮೆ ನೋಡಿ

ಅಮೆರಿಕ, ಕೆನಡಾದಲ್ಲಿ ಹಳೆ ಮನೆಗೆ ಹೋದವರಿಗೆ ಒಂದು ಸಲಹೆ. ಹಿಂದಿನವರು ಬಿಟ್ಟುಹೋದ ಫೈರ್ ಎಕ್ಸ್‌ಟಿಂಗ್ವಿಶರ್ ಸಿಂಕ್ ಕೆಳಗೋ ಗ್ಯಾರೇಜಿನಲ್ಲೋ ಇದ್ದರೆ ಹೊರಗೆ ತೆಗೆಯಿರಿ. ಕಿಡ್ಡೆ ಕಂಪನಿಯದಾ? ಹಿಡಿ ಪ್ಲಾಸ್ಟಿಕ್ಕಿನದಾ? ಹಾಗಿದ್ದರೆ ಅದು ರೀಕಾಲ್ ಆಗಿರುವ ಸಾಧ್ಯತೆ ಜಾಸ್ತಿ.

2017ರ ನವೆಂಬರಿನಲ್ಲಿ ಇವನ್ನು ವಾಪಸ್ ಕರೆದರು. ಅಮೆರಿಕದಲ್ಲೇ ಸುಮಾರು 3.78 ಕೋಟಿ, ಕೆನಡಾದಲ್ಲಿ 27 ಲಕ್ಷ! ಒಳಗೆ ಕಟ್ಟಿಕೊಂಡು ಬೆಂಕಿ ಆರಿಸುವ ಪುಡಿ ಹೊರಬರದೇ ಇರಬಹುದು, ಒತ್ತಲು ವಿಪರೀತ ಬಲ ಬೇಕಾಗಬಹುದು, ನಾಝಲ್ಲೇ ಕಿತ್ತು ಹಾರಬಹುದು. ಒಂದು ಸಾವೂ ಆಗಿತ್ತು. ಗೇಜಿನ ಮುಳ್ಳು ಹಸಿರಿನಲ್ಲಿದೆ ಅಂತ ಸುಮ್ನೆ ನೆಮ್ಮದಿಯಾಗಬೇಡಿ. ಅದು ಒತ್ತಡವನ್ನಷ್ಟೇ ತೋರಿಸುತ್ತದೆ, ಈ ದೋಷವನ್ನಲ್ಲ.

ಪ್ಲಾಸ್ಟಿಕ್ ಹಿಡಿಯವುಗಳಲ್ಲಿ 1973ರಿಂದ 2017ರ ಆಗಸ್ಟ್ 15ರವರೆಗೆ ತಯಾರಾದವು ರೀಕಾಲ್ ಪಟ್ಟಿಯಲ್ಲಿವೆ. ಎಲ್ಲ ಮಾಡೆಲ್ಲೂ ಅಲ್ಲ, ಹಾಗಾಗಿ ಲೇಬಲ್ ಮೇಲಿನ ಮಾಡೆಲ್ ನಂಬರ್ ಹೋಲಿಸಿ ನೋಡಿ. 2007 ಅಥವಾ ಆಮೇಲಿನವಾದರೆ ಸಿಲಿಂಡರಿನ ಪಕ್ಕದಲ್ಲಿ, ತಳದ ಹತ್ತಿರ 10 ಅಂಕಿಗಳ ಕೋಡ್ ಇರುತ್ತದೆ. ಅದರಲ್ಲಿ 5ರಿಂದ 9ನೇ ಅಂಕಿ ಓದಿ. 12213 ಎಂದಿದ್ದರೆ 2013ನೇ ಇಸವಿಯ 122ನೇ ದಿನ, ಅಂದರೆ ಮೇ 2. ಓದಲು ಕಣ್ಣಿಗೆ ಸ್ವಲ್ಪ ತ್ರಾಸ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಳ್ಳಿ.

ಗೇಜಿನ ಬದಲು ಒತ್ತಿ ನೋಡುವ ಸಣ್ಣ ಪಿನ್ ಇರುವ ಮಾಡೆಲ್‌ಗಳೂ ಸೇರಿವೆ. ಇವು ಅಡುಗೆಮನೆಯಲ್ಲೇ ಜಾಸ್ತಿ, ಅಲ್ವಾ?

ಪಟ್ಟಿಯಲ್ಲಿದ್ದರೆ ಕಂಪನಿಗೆ ತಿಳಿಸಿ. ಬದಲಿಯನ್ನು ಉಚಿತವಾಗಿ ಕೊಡುತ್ತೇವೆ ಎಂದು ರೀಕಾಲ್‌ನಲ್ಲೇ ಹೇಳಿದ್ದಾರೆ. ಗ್ಯಾರೇಜ್ ಸೇಲ್‌ನಲ್ಲಿ ಮಾತ್ರ ಇಡಬೇಡಿ, ರೀಕಾಲ್ ಆದದ್ದನ್ನು ಮಾರುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ.